ಬರದಲ್ಲಿ ಆರು ಕಡೆ ಸಾಲ: ಯಾವುದನ್ನು ಮೊದಲು ಕಟ್ಟಬೇಕು?

ಕಣಕಟ್ಟೆ ಹುಡುಗಿ
ಡಿಸೆಂಬರ್ 2023

ಎಲ್ಲರಿಗೂ ನಮಸ್ಕಾರ. ನಮ್ಮೂರು ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯಲ್ಲಿದೆ. ನಾನು ಹಾಸನದಲ್ಲಿ ಕೆಲಸ ಮಾಡುತ್ತೇನೆ. ಊರಲ್ಲಿ ಅಪ್ಪ, ಅಮ್ಮ, ಪಿಯುಸಿ ಓದುವ ತಮ್ಮ ಇದ್ದಾರೆ. ಮೂರೂವರೆ ಎಕರೆ ಜಮೀನು. ಒಂದೂವರೆ ಎಕರೆ ತೆಂಗು, ಉಳಿದ ಎರಡು ಎಕರೆ ಖುಷ್ಕಿ, ಮಳೆ ನಂಬಿದ ಹೊಲ. ಈ ಸಲ ರಾಗಿ ಮೊಳಕೆ ಬಂದು ಗೇಣುದ್ದ ಆಗಿ ಅಲ್ಲೇ ಒಣಗಿತು. ಕೊಯ್ಯುವುದಕ್ಕೂ ಏನೂ ಇರಲಿಲ್ಲ, ದನ ಬಿಟ್ಟು ಮೇಯಿಸಿದೆವು. ತೆಂಗಿಗೆ ಅಂತ ಕಳೆದ ವರ್ಷ ಕೊರೆಸಿದ ಬೋರಿನಲ್ಲಿ ಈಗ ಅರ್ಧ ಗಂಟೆ ನೀರು ಬಂದು ಗಾಳಿ ಬರುತ್ತದೆ. ಕೊಬ್ಬರಿ ಬೆಲೆ ಕುಸಿದಿರುವ ಕಥೆ ನಿಮಗೆಲ್ಲ ಗೊತ್ತೇ ಇದೆ.

ಸಾಲ ಎಷ್ಟಿದೆ ಎಂದು ಅಪ್ಪ ಇದುವರೆಗೆ ಪೂರ್ತಿ ಹೇಳಿರಲಿಲ್ಲ. ಹೋದ ಭಾನುವಾರ ನಾನು ಕೂತು ಕೇಳಿದಾಗ ಹೊರಗೆ ಬಂದದ್ದು ಇಷ್ಟು. ಬ್ಯಾಂಕಿನಲ್ಲಿ ಬೆಳೆ ಸಾಲ 1,40,000, ಫೆಬ್ರವರಿಗೆ ಗಡುವು. ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಸಾಲ 60,000, ಮಾರ್ಚ್‌ಗೆ ಗಡುವು. ಅಮ್ಮನ ಒಡವೆ 40 ಗ್ರಾಂ ಒಂದು ಫೈನಾನ್ಸ್‌ನಲ್ಲಿ ಗಿರವಿ ಇದೆ, 85,000ಕ್ಕೆ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಅಮ್ಮನ ಹೆಸರಲ್ಲಿ ಎರಡು ಮೈಕ್ರೋ ಫೈನಾನ್ಸ್ ಸಂಘದ ಸಾಲ, ಎರಡೂ ಸೇರಿ ವಾರಕ್ಕೆ 1,100 ಕಂತು. ಕೊನೆಯದು ಬೋರಿಗೆ ಅಂತ ಪರಿಚಯದವರ ಹತ್ತಿರ ತೆಗೆದ ಕೈಸಾಲ 1,50,000, ನೂರಕ್ಕೆ ಮೂರು ರೂಪಾಯಿ ಬಡ್ಡಿ.

ಬರುವುದು ಇಷ್ಟು: ಎರಡು ಹಸುವಿನ ಹಾಲಿನಿಂದ ಹಿಂಡಿ ಬೂಸಾ ಕಳೆದು ತಿಂಗಳಿಗೆ ಸುಮಾರು 6,000. ನಾನು ಕಳಿಸುವುದು 5,000. ಅಮ್ಮನಿಗೆ ಗೃಹಲಕ್ಷ್ಮಿ 2,000.

ಮಾವ ಹೇಳುತ್ತಾರೆ ಒಂದು ಹಸು ಮಾರಿ ಸಂಘದ ಸಾಲ ತೀರಿಸಿ ಅಂತ. ಸಂಘದವರು ಇನ್ನೊಂದು 60,000 ಕೊಡುತ್ತೇವೆ, ಅದರಲ್ಲಿ ಬ್ಯಾಂಕಿನದು ಹೊಸ-ಹಳೆ ಮಾಡಿಸಿಕೊಳ್ಳಿ, ಅಂದರೆ ಹಳೇ ಸಾಲ ಕಟ್ಟಿ ಮತ್ತೆ ಹೊಸದಾಗಿ ತೆಗೆದುಕೊಳ್ಳಿ, ಅನ್ನುತ್ತಾರೆ. ಅಪ್ಪ ಯಾರು ಏನು ಹೇಳಿದರೂ ಹೂಂ ಅನ್ನುತ್ತಾರೆ. ರಾತ್ರಿ ನಿದ್ದೆ ಮಾಡುತ್ತಿಲ್ಲ, ಎದ್ದು ಜಗಲಿಯಲ್ಲಿ ಕೂರುತ್ತಾರೆ ಎಂದು ತಮ್ಮ ಹೇಳಿದ. ನನಗೆ ಭಯವಾಗುತ್ತಿದೆ.

ಇದರಲ್ಲಿ ಯಾವುದನ್ನು ಮೊದಲು ಕಟ್ಟಬೇಕು? ಇಂಥದ್ದಕ್ಕೆ ಸಲಹೆ ಕೊಡುವವರು ಯಾರಾದರೂ ಇರುತ್ತಾರಾ? ದುಡ್ಡು ಕೊಟ್ಟು ಕೇಳುವ ಶಕ್ತಿ ನಮಗಿಲ್ಲ.


ಹಳೇ ಫೀಲ್ಡ್ ಆಫೀಸರ್

ಮಗಳೇ, ನಾನು ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿಕೊಳ್ಳುತ್ತಿದ್ದವನು. ಬಾಣಾವರ, ಜಾವಗಲ್, ಕಣಕಟ್ಟೆ ಕಡೆಯೆಲ್ಲ ಓಡಾಡಿದ್ದೇನೆ. ನಿವೃತ್ತಿಯಾದ ಮೇಲೆ ಕೆಲವು ವರ್ಷ ಆರ್ಥಿಕ ಸಾಕ್ಷರತಾ ಕೇಂದ್ರದಲ್ಲಿ ಸಲಹೆಗಾರನಾಗಿಯೂ ಕೂತಿದ್ದೆ. ಆ ಕೇಂದ್ರಗಳಲ್ಲಿ ಸಲಹೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸಾಲವನ್ನೂ ಅವರು ಕೊಡುವುದಿಲ್ಲ. ನಿಮ್ಮ ಜೊತೆ ಕೂತು ಲೆಕ್ಕ ಹಾಕಿ ದಾರಿ ತೋರಿಸುತ್ತಾರೆ, ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ. ಜಿಲ್ಲೆಯ ಬ್ಯಾಂಕುಗಳನ್ನೆಲ್ಲ ಹೊಂದಿಸುವ ಹಾಸನದ ಲೀಡ್ ಬ್ಯಾಂಕ್ ಕಚೇರಿಯಲ್ಲಿ ಕೇಳಿದರೆ ನಿಮ್ಮ ತಾಲ್ಲೂಕಿಗೆ ಯಾರು ಎಂದು ಹೇಳುತ್ತಾರೆ. ನೀವು ಹಾಸನದಲ್ಲೇ ಇದ್ದೀರಿ, ಅರ್ಧ ದಿನ ರಜೆ ಹಾಕಿ ಹೋಗಿ ಬನ್ನಿ.

ಬರ ಬಂದ ವರ್ಷ ನಮ್ಮ ರೈತರು ಯಾರು ಜೋರಾಗಿ ಕೇಳುತ್ತಾರೋ ಅವರಿಗೆ ಮೊದಲು ಕಟ್ಟುತ್ತಾರೆ. ವಾರ ವಾರ ಬಾಗಿಲಿಗೆ ಬರುವವರು ಸಂಘದವರು, ಹಾಗಾಗಿ ಅವರಿಗೆ ಮೊದಲು. ದಾರಿಯಲ್ಲಿ ಸಿಕ್ಕಿ ಕೇಳುವವರು ಕೈಸಾಲದವರು, ಅವರಿಗೆ ಆಮೇಲೆ. ಬ್ಯಾಂಕು ಒಂದು ಕಾಗದ ಕಳಿಸಿ ಸುಮ್ನೆ ಇರುತ್ತದೆ, ಅದನ್ನು ಮರೆತೇ ಬಿಡುತ್ತಾರೆ. ಆದರೆ ಬರದಲ್ಲಿ ರೈತನಿಗೆ ಅನುಕೂಲ ಮಾಡಿಕೊಡಬೇಕು ಎಂದು ನಿಯಮ ಇರುವುದು ಆ ಸುಮ್ಮನಿರುವ ಬ್ಯಾಂಕಿಗೇ. ಅದಕ್ಕೂ ಒಂದು ಗಡುವು ಇರುತ್ತದೆ. ಅದು ದಾಟಿದ ಮೇಲೆ ಹೋದರೆ ಕೆಲಸ ಕಷ್ಟ.

ನಿಮ್ಮ ಲೆಕ್ಕ ನೋಡಿದೆ. ಕೈಸಾಲದ ಬಡ್ಡಿ ತಿಂಗಳಿಗೆ 4,500. ಒಡವೆಯ ಬಡ್ಡಿ 1,700. ಸಂಘದ ಕಂತು ತಿಂಗಳಿಗೆ ಸರಾಸರಿ 4,700ರ ಮೇಲೆ. ಒಟ್ಟು ಸುಮಾರು 10,900. ಬರುವುದು 13,000. ಉಳಿದ 2,100ರಲ್ಲಿ ಮೂರು ಜನ ಊಟ ಮಾಡಬೇಕು, ಹುಡುಗ ಓದಬೇಕು. ನಿಮ್ಮಪ್ಪನಿಗೆ ನಿದ್ದೆ ಬರದಿರುವುದು ಸಹಜ. ಇದರಲ್ಲಿ ಇನ್ನೊಂದು ವಿಷಯ ಗಮನಿಸಿ. 4,500 ಕೊಟ್ಟರೂ ಕೈಸಾಲದ ಅಸಲು ಒಂದು ರೂಪಾಯಿ ಇಳಿಯುವುದಿಲ್ಲ. ನೂರಕ್ಕೆ ಮೂರು ರೂಪಾಯಿ ಎಂದರೆ ವರ್ಷಕ್ಕೆ 36 ಪರ್ಸೆಂಟ್. ಬ್ಯಾಂಕಿನ ಬೆಳೆ ಸಾಲ 7 ಪರ್ಸೆಂಟ್, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಅದರಲ್ಲೂ 3 ಪರ್ಸೆಂಟ್ ವಾಪಸ್ಸು. 7 ಪರ್ಸೆಂಟ್ ಸಾಲ ತೀರಿಸಲು ಸಂಘದಿಂದ 24ಕ್ಕೋ 26ಕ್ಕೋ ತರುವುದು ಬೇಡವೇ ಬೇಡ. ಆ 60,000 ಬೇಡ ಎಂದು ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಹಸು ಮಾರುವುದೂ ಬೇಡ. ಬರದಲ್ಲಿ ಎಲ್ಲರೂ ಮಾರುತ್ತಾರೆ, ಸಂತೆಯಲ್ಲಿ ಅರ್ಧ ಬೆಲೆ ಸಿಗುವುದಿಲ್ಲ. ಮಳೆ ಬಂದ ಮೇಲೆ ಅದೇ ಹಸು ಬೇಕೆಂದರೆ ಎರಡರಷ್ಟು ಕೊಡಬೇಕು. ಜಮೀನಿನಿಂದ ಏನೂ ಬಾರದ ಈ ವರ್ಷ ನಿಮ್ಮ ಮನೆ ನಡೆಯುತ್ತಿರುವುದು ಡೇರಿ ಬಟವಾಡೆಯಿಂದ. ಮೇವಿನ ತೊಂದರೆ ಇದ್ದರೆ ಪಶು ಆಸ್ಪತ್ರೆಯಲ್ಲಿ ಮೇವಿನ ಬೀಜದ ಕಿಟ್ ಕೇಳಿ. ಅರ್ಧ ಗಂಟೆ ಬರುವ ನೀರಿನಲ್ಲಿ ನಾಲ್ಕು ಗುಂಟೆ ಹಸಿ ಮೇವು ಬೆಳೆಯಬಹುದು.

ಈಗ ಬ್ಯಾಂಕಿನ ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆಮೇಲೆ ಸೇರಿಸುತ್ತಾ ಹೋಗಿ ಈಗ 223 ಆಗಿದೆ. ಬೆಳೆ 33 ಪರ್ಸೆಂಟ್‌ಗಿಂತ ಜಾಸ್ತಿ ಹಾಳಾಗಿದ್ದರೆ ಬೆಳೆ ಸಾಲವನ್ನು ಮಧ್ಯಮಾವಧಿ ಸಾಲವಾಗಿ ಪರಿವರ್ತಿಸಬಹುದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಷ್ಟ 33ರಿಂದ 50 ಪರ್ಸೆಂಟ್ ಇದ್ದರೆ ಎರಡು ವರ್ಷದವರೆಗೆ, 50 ದಾಟಿದ್ದರೆ ಐದು ವರ್ಷದವರೆಗೆ ಕಂತು ಮಾಡಿಕೊಡಬಹುದು. ಮೊದಲ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಹಾಗೆ ಪರಿವರ್ತಿಸಿದ ಸಾಲ ಸುಸ್ತಿ, ಅಂದರೆ ಗಡುವು ಮೀರಿದ ಬಾಕಿ, ಎಂಬ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಮುಂಗಾರಿಗೆ ಹೊಸ ಬೆಳೆ ಸಾಲ ಕೇಳುವ ದಾರಿ ತೆರೆದಿರುತ್ತದೆ. ಇದು ಮನ್ನಾ ಅಲ್ಲ, ಬಡ್ಡಿ ಬರುತ್ತದೆ, ಮೂರು ಪರ್ಸೆಂಟ್ ವಾಪಸ್ಸಿನ ಸವಲತ್ತೂ ಸಾಮಾನ್ಯವಾಗಿ ಸಿಗುವುದಿಲ್ಲ. ಆದರೂ ಕೈಸಾಲ ತಂದು ಹೊಸ-ಹಳೆ ಮಾಡುವುದಕ್ಕಿಂತ ಎಷ್ಟೋ ವಾಸಿ. ಬರ ಬರುವ ಮೊದಲೇ ಸುಸ್ತಿಯಾಗಿದ್ದ ಸಾಲಕ್ಕೆ ಈ ಅನುಕೂಲ ಇಲ್ಲ. ನಿಮ್ಮದು ಫೆಬ್ರವರಿ ಗಡುವು, ಹಾಗಾಗಿ ನೀವು ಕೇಳಬಹುದು. ಕೇಳದೆ ಇದ್ದರೆ ಬ್ಯಾಂಕು ತಾನಾಗಿ ಮಾಡುವುದು ಅಪರೂಪ.

ಐದು ವರ್ಷ ಏಕೆ ಬೇಕು ಎಂದು ನಿಮ್ಮಪ್ಪ ಕೇಳಬಹುದು. ತೆಂಗಿನಲ್ಲಿ ಹೊಂಬಾಳೆ ಒಳಗೆ ಹುಟ್ಟಿದಾಗಿನಿಂದ ಕಾಯಿ ಬಲಿಯುವ ತನಕ ಮೂರೂವರೆ ವರ್ಷದ ಮೇಲೆ ಹಿಡಿಯುತ್ತದೆ. ಈ ವರ್ಷದ ಬರದ ಪೆಟ್ಟು ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಫಸಲಿನಲ್ಲಿ ಕಾಣುತ್ತದೆ. ಮುಂದಿನ ಮಳೆ ಚೆನ್ನಾಗಿ ಬಂದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂದುಕೊಂಡು ಒಂದು ವರ್ಷದ ಗಡುವಿಗೆ ಒಪ್ಪಿಕೊಂಡರೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಮನೆಯ ಲೆಕ್ಕವನ್ನು ಕನಿಷ್ಠ ಮೂರು ವರ್ಷಕ್ಕೆ ಹಾಕಿ.

ಒಡವೆಯ ವಿಷಯ ಹೇಳುವುದಕ್ಕೆ ಸ್ವಲ್ಪ ಸಂಕೋಚ, ಅದು ನಿಮ್ಮಮ್ಮನದು. ಆದರೂ ಲೆಕ್ಕ ಹೇಳುತ್ತೇನೆ, ತೀರ್ಮಾನ ಅವರದೇ. ಈಗ, 2023ರ ಡಿಸೆಂಬರಿನಲ್ಲಿ, ಚಿನ್ನ ಗ್ರಾಂಗೆ 5,700ರ ಆಸುಪಾಸು ಇದೆ. ಬ್ಯಾಂಕಿನಲ್ಲಿ ಪಹಣಿ ಕೊಟ್ಟು ಕೃಷಿ ಚಿನ್ನದ ಸಾಲ ತೆಗೆದರೆ ಬಡ್ಡಿ ವರ್ಷಕ್ಕೆ ಒಂಬತ್ತರ ಸುತ್ತಮುತ್ತ. ಹರಳು, ಅರಗು ಕಳೆದು 40 ಗ್ರಾಂಗೆ 1,60,000 ಸಿಗಬಹುದು. ಫೈನಾನ್ಸಿನ 85,000 ತೀರಿಸಿ, ಉಳಿದ 75,000 ಕೈಸಾಲದ ಅಸಲಿಗೆ ಕಟ್ಟಿ. ಆಗ ಕೈಸಾಲ ಅರ್ಧವಾಗುತ್ತದೆ, ಅದರ ಬಡ್ಡಿ 2,250ಕ್ಕೆ ಇಳಿಯುತ್ತದೆ. ಚಿನ್ನದ ಸಾಲಕ್ಕೆ ತಿಂಗಳಿಗೆ 1,200 ತೆಗೆದಿಡಿ. ಎರಡಕ್ಕೂ ಸೇರಿ ಈಗ 6,200 ಹೋಗುತ್ತಿದೆ, ಆಗ 3,450 ಹೋಗುತ್ತದೆ. ತಿಂಗಳಿಗೆ 2,750 ಮನೆಯಲ್ಲಿ ಉಳಿಯುತ್ತದೆ. ಫೈನಾನ್ಸಿನಿಂದ ಬಿಡಿಸಿ ಬ್ಯಾಂಕಿನಲ್ಲಿ ಇಡುವ ಒಂದು ದಿನಕ್ಕೆ ದುಡ್ಡು ಬೇಕು. ಅದನ್ನು ಮಾವನಿಗೆ ಕೇಳಿ. ಹಸು ಮಾರಿ ಎನ್ನುವವರು ಒಂದು ದಿನದ ಮಟ್ಟಿಗೆ ಅಷ್ಟು ಹೊಂದಿಸಿ ಕೊಡಬಹುದು.

ಕೈಸಾಲದವರ ಹತ್ತಿರ ಅಪ್ಪ ಒಬ್ಬರೇ ಹೋಗುವುದು ಬೇಡ. ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, 75,000 ಕೈಯಲ್ಲಿ ಹಿಡಿದುಕೊಂಡು ಮಾತಾಡಿ. ಇಷ್ಟು ಅಸಲಿಗೆ ಜಮಾ ಮಾಡಿಕೊಳ್ಳಿ, ಉಳಿದದ್ದಕ್ಕೆ ಬಡ್ಡಿ ಇಳಿಸಿ ಎಂದು ಕೇಳಿ. ದುಡ್ಡು ಎದುರಿಗಿದ್ದಾಗ ಬಹಳ ಜನ ಒಪ್ಪುತ್ತಾರೆ. ಕರ್ನಾಟಕದ ಲೇವಾದೇವಿ ಕಾಯ್ದೆಯಲ್ಲಿ ಅಡಮಾನವಿಲ್ಲದ ಸಾಲಕ್ಕೆ ವರ್ಷಕ್ಕೆ 16 ಪರ್ಸೆಂಟ್ ಮಿತಿ ಇದೆ. ಮೀಟರ್ ಬಡ್ಡಿಯಂಥ ವಿಪರೀತ ಬಡ್ಡಿ ತಡೆಯಲು 2004ರ ಕಾಯ್ದೆಯೂ ಇದೆ. ಹೋದ ಕೂಡಲೇ ಕಾನೂನು ಮಾತಾಡಬೇಡಿ, ಆದರೆ ನಿಮಗೆ ಗೊತ್ತಿರಲಿ. ಖಾಲಿ ಚೆಕ್ಕೋ ಸಹಿ ಮಾಡಿದ ಛಾಪಾ ಕಾಗದವೋ ಅವರ ಹತ್ತಿರ ಇದೆಯೇ ಎಂದು ಅಪ್ಪನನ್ನು ಕೇಳಿ. ಕ್ರಯದ ಕರಾರು ಏನಾದರೂ ಬರೆಸಿಕೊಂಡಿದ್ದರೆ ಅದನ್ನು ಮೊದಲು ವಕೀಲರಿಗೆ ತೋರಿಸಬೇಕು. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ, ಅರ್ಹರಿಗೆ ಅಲ್ಲಿ ಉಚಿತ.

ಕೊನೆಗೆ, ಈ ಲೆಕ್ಕವನ್ನೆಲ್ಲ ಒಂದೇ ಹಾಳೆಯ ಮೇಲೆ ಬರೆದು ಅಮ್ಮ, ಅಪ್ಪ, ತಮ್ಮ ಎಲ್ಲರನ್ನೂ ಕೂರಿಸಿಕೊಂಡು ಓದಿ. ಅಮ್ಮನಿಗೆ ಗೊತ್ತಿಲ್ಲದ ಸಾಲ ಅಪ್ಪನ ಹತ್ತಿರ, ಅಪ್ಪನಿಗೆ ಗೊತ್ತಿಲ್ಲದ ಸಾಲ ಅಮ್ಮನ ಹತ್ತಿರ ಇರುವ ಮನೆಗಳನ್ನು ತುಂಬಾ ನೋಡಿದ್ದೇನೆ. ಹಾಗಿರುವ ತನಕ ಯಾರ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.


ಬೀರೂರಿನ ಅಕ್ಕ

ತಂಗಿ, ಮೇಲಿನ ಸರ್ ಹೇಳಿದ್ದೆಲ್ಲ ಸರಿ. ಸಂಘದ ಸಾಲದ ಬಗ್ಗೆ ನಾನು ಹೇಳುತ್ತೇನೆ. ನಾನು ಹೆಂಗಸರ ಸ್ವಸಹಾಯ ಗುಂಪುಗಳ ಸಂಜೀವಿನಿ ಒಕ್ಕೂಟದಲ್ಲಿ ಲೆಕ್ಕದ ಪುಸ್ತಕ ಬರೆಯುವವಳು, ಕಡೂರು ತಾಲ್ಲೂಕು. ನಮ್ಮ ಕಡೆ ಈ ವರ್ಷ ಈರುಳ್ಳಿ, ರಾಗಿ ಎರಡೂ ಹೋಗಿದೆ.

ಮೈಕ್ರೋ ಫೈನಾನ್ಸ್‌ನವರು ಬಾಗಿಲಲ್ಲಿ ಕೂತರೆ ಹೆಂಗಸರು ಮರ್ಯಾದೆಗೆ ಹೆದರುತ್ತಾರೆ. ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಬೀಳುತ್ತದೆ, ಆಮೇಲೆ ಜೊತೆಯವರೇ ಬಂದು ಕೂಗಾಡುತ್ತಾರೆ. ಅದೇ ದೊಡ್ಡ ನೋವು. ಅದಕ್ಕೇ ಅಮ್ಮ ಎಲ್ಲಕ್ಕಿಂತ ಮೊದಲು ಆ ಕಂತು ಕಟ್ಟುತ್ತಾರೆ, ಅವರನ್ನು ಬೈಯಬೇಡಿ.

ರಿಸರ್ವ್ ಬ್ಯಾಂಕು 2022ರಲ್ಲಿ ಮೈಕ್ರೋ ಫೈನಾನ್ಸಿಗೆ ನಿಯಮ ಮಾಡಿದೆ. ಒಂದು ಮನೆಯ ಎಲ್ಲ ಸಾಲದ ಕಂತೂ ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ದಾಟುವ ಹಾಗೆ ಸಾಲ ಕೊಡಬಾರದು. ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ವಸೂಲಿಗೆ ಬರಬಾರದು, ಫೋನೂ ಮಾಡಬಾರದು. ಬೈಯುವುದು, ಹೆದರಿಸುವುದು, ನೆಂಟರಿಗೆ ಫೋನ್ ಮಾಡುವುದು ಯಾವುದೂ ಇಲ್ಲ. ನಿಮ್ಮ ಮನೆಗೆ ಮೂರನೇ ಸಾಲ ಕೊಡುತ್ತೇವೆ ಎನ್ನುವುದೇ ತಪ್ಪು. ಸಾಲದ ಕಾರ್ಡ್ ಸಾಲ ತೆಗೆದವರಿಗೆಲ್ಲ ಕೊಟ್ಟಿರುತ್ತಾರೆ. ಅದರಲ್ಲಿ ದೂರು ಕೊಡುವ ನಂಬರ್ ಇರುತ್ತದೆ. ಅಲ್ಲಿ ಹೇಳಿ 30 ದಿನ ಆದರೂ ಉತ್ತರ ಬರದಿದ್ದರೆ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. 14448ಕ್ಕೆ ಫೋನ್ ಮಾಡಿದರೆ ಹೇಗೆ ಎಂದು ತಿಳಿಸುತ್ತಾರೆ.

ಆದರೆ ಜಗಳಕ್ಕೆ ಮೊದಲು ಇದನ್ನು ಮಾಡಿ. ವಾರಕ್ಕೆ ಬರುವ ಹುಡುಗನ ಹತ್ತಿರ ವಾದ ಮಾಡಿ ಉಪಯೋಗ ಇಲ್ಲ. ಅವನಿಗೂ ಮೇಲಿನಿಂದ ಒತ್ತಡ ಇರುತ್ತದೆ. ಅಮ್ಮ, ನೀವು, ಗುಂಪಿನ ಇಬ್ಬರು ಹೆಂಗಸರು ಸೇರಿ ಅವರ ಬ್ರಾಂಚಿಗೆ ಹೋಗಿ. ಬರ ಬಂದಿದೆ, ಸಾಲ ಕಟ್ಟುತ್ತೇವೆ, ಕಂತು ಚಿಕ್ಕದು ಮಾಡಿ ವಾರ ಜಾಸ್ತಿ ಮಾಡಿಕೊಡಿ ಎಂದು ಬರೆದು ಕೊಡಿ. ಗುಂಪಿನವರಿಗೂ ಮೊದಲೇ ಹೇಳಿ. ಅವರಿಗೆ ಗೊತ್ತಿಲ್ಲದೆ ಒಂದು ವಾರ ತಪ್ಪಿದರೆ ಸಿಟ್ಟಾಗುತ್ತಾರೆ. ಮೊದಲೇ ಹೇಳಿದರೆ ಅವರಲ್ಲೂ ನಾಲ್ಕು ಜನಕ್ಕೆ ಇದೇ ಕಷ್ಟ ಇರುತ್ತದೆ, ನಿಮ್ಮ ಜೊತೆಗೆ ನಿಲ್ಲುತ್ತಾರೆ. ನಮ್ಮಲ್ಲಿ ಹಾಗೇ ಆಯಿತು.

ಅಮ್ಮ ಪಂಚಾಯಿತಿಯ ಸ್ವಸಹಾಯ ಗುಂಪಿನಲ್ಲಿ ಇಲ್ಲದಿದ್ದರೆ ಸೇರಿಸಿ. ಅಲ್ಲಿ ತಕ್ಷಣ ಸಾಲ ಸಿಗುವುದಿಲ್ಲ, ಕೆಲವು ತಿಂಗಳು ಉಳಿತಾಯ ಮಾಡಬೇಕು. ಆದರೆ ಮುಂದಿನ ಸಲ ಹತ್ತು ಸಾವಿರ ಬೇಕಾದಾಗ ವಾರದ ಕಂತಿನವರ ಹತ್ತಿರ ಹೋಗುವುದು ತಪ್ಪುತ್ತದೆ.

ಅಪ್ಪನ ವಿಷಯ ಓದಿ ನನಗೆ ಸಂಕಟವಾಯಿತು. ಈ ವಾರವೇ ಊರಿಗೆ ಹೋಗಿ. ಮನೆಯಲ್ಲಿ ಹೊಲಕ್ಕೆ ಹೊಡೆಯುವ ಔಷಧಿ ಇದ್ದರೆ ತೆಗೆದು ಬೇರೆ ಮನೆಯಲ್ಲಿ ಇಡಿಸಿ, ತಮ್ಮನಿಗೆ ಹೇಳಿದರೆ ಇವತ್ತೇ ಮಾಡುತ್ತಾನೆ. ಅವರ ಜೊತೆ ಕೂತು ಮನಸ್ಸಿನಲ್ಲಿ ಏನಿದೆ ಅಂತ ನೇರವಾಗಿ ಕೇಳಿ, ಸಾಯುವ ಯೋಚನೆ ಬರುತ್ತಿದೆಯಾ ಎಂದೂ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಅವರಿಗೆ ಭಾರ ಇಳಿಯುತ್ತದೆ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಅದಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅವರು ಮಾಡದಿದ್ದರೆ ನೀವೇ ಮಾಡಿ ಅವರ ಕೈಗೆ ಕೊಡಿ.


ಸಖರಾಯಪಟ್ಟಣದ ರೈತ

ಎಲ್ಲರೂ ಸಾಲದ ಬಗ್ಗೆ ಹೇಳಿದರು, ಬರಬೇಕಾದ ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ. ಬರ ಪರಿಹಾರದಲ್ಲಿ ಮೊದಲ ಕಂತು 2,000ದವರೆಗೆ ಕೊಡುತ್ತೇವೆ ಎಂದು ಸರ್ಕಾರ ಹೇಳಿದೆ. ಕೇಂದ್ರದ ಮಾನದಂಡದ ಪ್ರಕಾರ ಖುಷ್ಕಿ ಬೆಳೆಗೆ ಹೆಕ್ಟೇರಿಗೆ 8,500, ಎರಡು ಹೆಕ್ಟೇರ್ ಮಿತಿ. ನಿಮ್ಮ ಎರಡು ಎಕರೆ ರಾಗಿಗೆ ಸುಮಾರು 6,900 ಆಗುತ್ತದೆ. ಅದು ಯಾವಾಗ ಬರುತ್ತದೋ ಅದನ್ನು ನಂಬಿಕೊಂಡು ಯಾರಿಗೂ ಮಾತು ಕೊಡಬೇಡಿ. ಆದರೆ ಬಂದಾಗ ಕೈ ತಪ್ಪಬಾರದು ಅಲ್ವಾ. ಅದಕ್ಕೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ ಬೇಕು. ಅದರಲ್ಲಿ ಎಲ್ಲ ಸರ್ವೆ ನಂಬರ್ ಸೇರಿರಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿರಬೇಕು. ರೈತ ಸಂಪರ್ಕ ಕೇಂದ್ರದಲ್ಲಿ ನೋಡಿ ಹೇಳುತ್ತಾರೆ. ಪಹಣಿ ಇನ್ನೂ ಅಜ್ಜನ ಹೆಸರಲ್ಲಿದ್ದರೆ ಪರಿಹಾರ ನಿಮ್ಮಪ್ಪನಿಗೆ ಬರುವುದಿಲ್ಲ. ನಮ್ಮ ಊರಲ್ಲಿ ಹಾಗೆ ತಪ್ಪಿಸಿಕೊಂಡವರು ತುಂಬಾ ಜನ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ.

ರಾಗಿಗೆ ಬೆಳೆ ವಿಮೆ ಕಟ್ಟಿದ್ದೀರಾ ನೋಡಿ. ಬೆಳೆ ಸಾಲ ಇದ್ದವರಿಗೆ ಬೇಡ ಎಂದು ಬರೆದು ಕೊಡದಿದ್ದರೆ ಬ್ಯಾಂಕೇ ಕಟ್ಟಿರುತ್ತದೆ. ಪಾಸ್ ಬುಕ್‌ನಲ್ಲಿ ಜುಲೈ ಆಗಸ್ಟ್ ಸಾಲು ನೋಡಿದರೆ ಕಂತು ಕಡಿತ ಆಗಿರುವುದು ಕಾಣುತ್ತದೆ. ಮುಂಗಾರಿಗೆ ರೈತರ ಪಾಲು ವಿಮಾ ಮೊತ್ತದ ಎರಡು ಪರ್ಸೆಂಟ್. ಸಂರಕ್ಷಣೆ ಪೋರ್ಟಲ್‌ನಲ್ಲಿ ಹಾಕಿ ನೋಡಬಹುದು. ಬೆಳೆ ಸಮೀಕ್ಷೆಯಲ್ಲಿ ರಾಗಿ ಬದಲು ಬೇರೆ ಏನೋ ನಮೂದಾಗಿದ್ದರೆ ವಿಮೆ ತಿರಸ್ಕಾರ ಆಗುತ್ತದೆ, ಅದನ್ನೂ ನೋಡಿ.

ಇನ್ನೊಂದು ಮಾತು. ಸಾಲ ಮನ್ನಾ ಬರುತ್ತದೆ, ಕಟ್ಟಬೇಡಿ ಎನ್ನುವವರು ಪ್ರತಿ ಹಟ್ಟಿಯಲ್ಲೂ ಇದ್ದಾರೆ. 2018ರಲ್ಲಿ ಬಂತು, ಬ್ಯಾಂಕಿನದು ಎರಡು ಲಕ್ಷದವರೆಗೆ, ಸಹಕಾರ ಸಂಘದ್ದು ಒಂದು ಲಕ್ಷದವರೆಗೆ. ಈಗ ಬೆಳಗಾವಿ ಅಧಿವೇಶನದಲ್ಲಿ ಮುಖ್ಯಮಂತ್ರಿ ಹೇಳಿದ್ದು ಸಹಕಾರ ಸಂಘದ ಮಧ್ಯಮಾವಧಿ, ದೀರ್ಘಾವಧಿ ಸಾಲದ ಸುಸ್ತಿ ಬಡ್ಡಿ ಬಗ್ಗೆ, ಅದೂ ಅಸಲು ಕಟ್ಟಿದರೆ ಮಾತ್ರ. ನಿಮ್ಮ ಬೆಳೆ ಸಾಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಸೊಸೈಟಿಯ 60,000ಕ್ಕೆ ಮಾರ್ಚ್ ಗಡುವು ತಪ್ಪಿಸಬೇಡಿ. ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಸೊನ್ನೆ. ಒಂದು ದಿನ ದಾಟಿದರೂ ಬಡ್ಡಿ ನಿಮ್ಮ ತಲೆಗೆ.


ಕಣಕಟ್ಟೆ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಊರಿಗೆ ಹೋಗಿ ಬಂದೆ. ಅಕ್ಕ, ನೀವು ಹೇಳಿದ್ದನ್ನು ಮೊದಲು ಮಾಡಿದೆವು. ಔಷಧಿ ಡಬ್ಬಿಗಳು ಚಿಕ್ಕಪ್ಪನ ಮನೆಯಲ್ಲಿವೆ. ಅಪ್ಪನನ್ನು ನೇರವಾಗಿ ಕೇಳಿದೆ. ಅತ್ತರು. ಆಮೇಲೆ ಆ ನಂಬರಿಗೆ ಫೋನ್ ಮಾಡಿ ಕೊಟ್ಟೆ, ತುಂಬಾ ಹೊತ್ತು ಮಾತಾಡಿದರು. ಮತ್ತೆ ಮಾಡುತ್ತೇನೆ ಎಂದಿದ್ದಾರೆ.

ಹಾಳೆ ಬರೆದು ಎಲ್ಲರೂ ಕೂತೆವು. ಸರ್ ಹೇಳಿದಂತೆ ಅಮ್ಮನ ಹತ್ತಿರ ಅಪ್ಪನಿಗೆ ಗೊತ್ತಿಲ್ಲದ ಒಂದು ಚೀಟಿ ಬಾಕಿ ಇತ್ತು, 12,000. ಅಮ್ಮನಿಗೆ ಬೋರಿನ ಸಾಲ ಒಂದೂವರೆ ಲಕ್ಷ ಎಂದು ಗೊತ್ತಿರಲಿಲ್ಲ, ಎಂಬತ್ತು ಸಾವಿರ ಎಂದುಕೊಂಡಿದ್ದರು. ಸ್ವಲ್ಪ ಹೊತ್ತು ಮನೆಯಲ್ಲಿ ಮಾತೇ ಇರಲಿಲ್ಲ. ಆಮೇಲೆ ಒಡವೆ ಬ್ಯಾಂಕಿಗೆ ಸಾಗಿಸುವ ಮಾತು ತೆಗೆದವರು ಅಮ್ಮನೇ. ಮಾವ ಒಂದು ದಿನಕ್ಕೆ ದುಡ್ಡು ಕೊಡಲು ಒಪ್ಪಿದ್ದಾರೆ. ಮೂರನೇ ಸಂಘದ ಸಾಲ ಬೇಡ ಎಂದು ಹೇಳಿದ್ದಾಯಿತು. ಹಸು ಮನೆಯಲ್ಲೇ ಇರುತ್ತವೆ. ತೆಂಗಿನ ಪಹಣಿ ಅಪ್ಪನ ಹೆಸರಲ್ಲಿದೆ. ಆದರೆ ರಾಗಿ ಹೊಲ ಇನ್ನೂ ಅಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದೆ.

ತೊಂದರೆ ಆಗಿರುವುದು ಬ್ಯಾಂಕಿನಲ್ಲಿ. ಅಪ್ಪ ನಾನು ಇಬ್ಬರೂ ಹೋಗಿದ್ದೆವು. ಮ್ಯಾನೇಜರ್ ಕೂರಿಸಿ ಮಾತಾಡಿಸಿದರು, ಆದರೆ ಪರಿವರ್ತನೆ ಬಗ್ಗೆ ನಮ್ಮ ಬ್ರಾಂಚಿಗೆ ಇನ್ನೂ ಆದೇಶ ಬಂದಿಲ್ಲ, ಬಂದಾಗ ಹೇಳುತ್ತೇವೆ, ಸದ್ಯಕ್ಕೆ ಬಡ್ಡಿ ಕಟ್ಟಿ ರಿನ್ಯೂವಲ್ ಮಾಡಿಸಿ ಎಂದರು. ಸರ್, ಈಗ ಏನು ಮಾಡಬೇಕು? ಸೊಸೈಟಿಯಲ್ಲೂ ಹೀಗೇ ಹೇಳಿದರೆ ಯಾರನ್ನು ಕೇಳಬೇಕು?


ಹಳೇ ಫೀಲ್ಡ್ ಆಫೀಸರ್

ಮಗಳೇ, ಬಹಳ ಸಂತೋಷವಾಯಿತು. ಅರ್ಧ ಕೆಲಸ ಆಗಿದೆ. ನಿಮ್ಮಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಆ 12,000 ಚೀಟಿ ಬಾಕಿಯನ್ನು ಚಿನ್ನದ ಸಾಲದಲ್ಲೇ ತೀರಿಸಿಬಿಡಿ, ಕೈಸಾಲಕ್ಕೆ 63,000 ಕೊಟ್ಟರಾಯಿತು. ಚಿಕ್ಕದು ಒಂದಾದರೂ ಪೂರ್ತಿ ಮುಗಿದರೆ ಮನೆಗೆ ಧೈರ್ಯ ಬರುತ್ತದೆ. ಕೈಸಾಲದಲ್ಲಿ ಉಳಿಯುವ 87,000ಕ್ಕೆ ಬಡ್ಡಿ ತಿಂಗಳಿಗೆ 2,610 ಬೀಳುತ್ತದೆ, ಹಾಗಾಗಿ ಬಡ್ಡಿ ಇಳಿಸುವ ಮಾತು ಬಿಡಬೇಡಿ.

ಬ್ರಾಂಚಿನಲ್ಲಿ ಹಾಗೆ ಹೇಳುವುದು ಮಾಮೂಲು. ಮ್ಯಾನೇಜರಿಗೆ ನಿಜವಾಗಿಯೂ ಸುತ್ತೋಲೆ ತಲುಪದೆ ಇರಬಹುದು. ಬಾಯಿ ಮಾತಿಗೆ ದಾಖಲೆ ಇಲ್ಲ, ಅದಕ್ಕೆ ಅರ್ಜಿ ಬರೆದು ಕೊಡಿ. ಅರ್ಜಿ ಕೊಟ್ಟಿದ್ದೀರಿ ಎಂದಾದರೆ ಗಡುವು ದಾಟಿದ ಮೇಲೂ ನೀವು ಮೊದಲೇ ಕೇಳಿದ್ದಿರಿ ಎಂದು ತೋರಿಸಬಹುದು. ಒಂದು ಪ್ರತಿಯನ್ನು ಹಾಸನದ ಲೀಡ್ ಬ್ಯಾಂಕ್ ಮ್ಯಾನೇಜರ್ ಅವರಿಗೂ ಕೊಡಿ. ಎಲ್ಲ ಬ್ಯಾಂಕುಗಳೂ ಕೂತು ಮಾತಾಡುವ ಜಿಲ್ಲಾ ಸಮಿತಿಗೆ ವಿಷಯ ತರುವವರು ಅವರೇ. ಒಂದು ತಿಂಗಳು ಉತ್ತರ ಬರದಿದ್ದರೆ ಬೀರೂರಿನ ಅಕ್ಕ ಹೇಳಿದ ಒಂಬುಡ್ಸ್‌ಮನ್ ಇದ್ದಾರೆ. ಸೊಸೈಟಿಗೆ ಆ ದಾರಿ ಇಲ್ಲ. ಅದರ ದೂರು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಹೋಗಬೇಕು. ಆದರೆ ನಿಮ್ಮ ಸೊಸೈಟಿ ಸಾಲವನ್ನು ಪರಿವರ್ತನೆಗೆ ಹಾಕಬೇಡಿ, ಸೊನ್ನೆ ಬಡ್ಡಿ ಕೈ ಬಿಟ್ಟು ಹೋಗುತ್ತದೆ. ತಿಂಗಳಿಗೆ ಉಳಿಯುವ ದುಡ್ಡನ್ನು ಮಾರ್ಚ್ ತನಕ ಅದಕ್ಕೇ ಕೂಡಿಡಿ. ಕಡಿಮೆ ಬಿದ್ದದ್ದನ್ನು ಮಾತ್ರ ಮಾವನ ಹತ್ತಿರ ಕೇಳಿ. ಕಟ್ಟಿದ ಮೇಲೆ ಹೊಸ ಸಾಲ ಯಾವಾಗ ಕೊಡುತ್ತಾರೆ ಎಂದು ಕಾರ್ಯದರ್ಶಿಯನ್ನು ಕೇಳಿಕೊಂಡೇ ಕಟ್ಟಿ.

ಅರ್ಜಿ ಹೀಗೆ ಬರೆಯಿರಿ, ಅಪ್ಪನ ಕೈಬರಹದಲ್ಲೇ ಇದ್ದರೆ ಒಳ್ಳೆಯದು:

"ಮಾನ್ಯ ಶಾಖಾ ವ್ಯವಸ್ಥಾಪಕರಿಗೆ. ನಾನು ಅರಸೀಕೆರೆ ತಾಲ್ಲೂಕು ಕಣಕಟ್ಟೆ ಹೋಬಳಿಯ ರೈತ. ನಿಮ್ಮ ಶಾಖೆಯಲ್ಲಿ ನನ್ನ ಬೆಳೆ ಸಾಲದ ಖಾತೆ ಇದೆ. ಸಾಲದ ಮೊತ್ತ ರೂ. 1,40,000. ಗಡುವು ಫೆಬ್ರವರಿ 2024. ಇದುವರೆಗೆ ಸುಸ್ತಿ ಇಲ್ಲ. 2023ರ ಮುಂಗಾರಿನಲ್ಲಿ ನಮ್ಮ ತಾಲ್ಲೂಕನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿದೆ. ನನ್ನ ಎರಡು ಎಕರೆ ರಾಗಿ ಪೂರ್ತಿ ಒಣಗಿದೆ, ತೆಂಗಿನ ಫಸಲು ಕುಸಿದಿದೆ. ಪ್ರಕೃತಿ ವಿಕೋಪಕ್ಕೆ ಸಿಕ್ಕ ಸಾಲಗಾರರಿಗೆ ರಿಸರ್ವ್ ಬ್ಯಾಂಕ್ ನೀಡಿರುವ ನಿರ್ದೇಶನದಂತೆ ನನ್ನ ಬೆಳೆ ಸಾಲವನ್ನು ಐದು ವರ್ಷದ ಮಧ್ಯಮಾವಧಿ ಸಾಲವಾಗಿ ಪರಿವರ್ತಿಸಿ, ಮೊದಲ ವರ್ಷ ಕಂತಿಗೆ ವಿನಾಯಿತಿ ಕೊಟ್ಟು, 2024ರ ಮುಂಗಾರಿಗೆ ಹೊಸ ಬೆಳೆ ಸಾಲ ಮಂಜೂರು ಮಾಡಬೇಕೆಂದು ಕೋರುತ್ತೇನೆ. ಸಾಧ್ಯವಿಲ್ಲದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ."

ಕೆಳಗೆ ಖಾತೆ ಸಂಖ್ಯೆ, ಎಲ್ಲ ಸರ್ವೆ ನಂಬರ್, ಫ್ರೂಟ್ಸ್ ಐಡಿ, ಫೋನ್ ನಂಬರ್ ಬರೆಯಿರಿ. ಜೊತೆಗೆ ಪಹಣಿ, ಒಣಗಿದ ಹೊಲದ ಫೋಟೋ ಇಡಿ. ರಾಗಿ ಹೊಲಕ್ಕೆ ಪೌತಿ ಖಾತೆ ಅರ್ಜಿಯ ರಸೀದಿ ಲಗತ್ತಿಸಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ವಾದಕ್ಕೆ ನಿಲ್ಲಬೇಡಿ. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ಆ ರಸೀದಿಯೂ ಸೀಲಿನಷ್ಟೇ ನಡೆಯುತ್ತದೆ. ಉತ್ತರ ಬಂದ ಮೇಲೆ ಇಲ್ಲಿ ಬರೆಯಿರಿ, ಏನು ಬರೆದಿದ್ದಾರೆ ನೋಡಿ ಮುಂದಿನದು ಹೇಳುತ್ತೇನೆ.